ಒಂದೇ ಮೈ, ಇಬ್ಬರು ಯಜಮಾನರು: ರಗ್ಬಿ ಆಟಗಾರರ ವೃತ್ತಿ ನಡೆಯುವುದು ಹೇಗೆ

2022ರ ಅಕ್ಟೋಬರ್ 17ರಂದು ಇಂಗ್ಲೆಂಡಿನ ವಾಸ್ಪ್ಸ್ ಎಂಬ ರಗ್ಬಿ ಕ್ಲಬ್‌ನಲ್ಲಿ ಆಟಗಾರರು, ಸಿಬ್ಬಂದಿ ಸೇರಿ 167 ಮಂದಿ ಒಂದೇ ದಿನ ಕೆಲಸ ಕಳೆದುಕೊಂಡರು. ಅದೇನು ಸಣ್ಣಪುಟ್ಟ ಕ್ಲಬ್ ಅಲ್ಲ. 2004ರಲ್ಲಿ, ಮತ್ತೆ 2007ರಲ್ಲಿ ಯುರೋಪಿನ ಚಾಂಪಿಯನ್ ಆಗಿದ್ದ ತಂಡ. ಸಾಲ ತಲೆ ಮೇಲೆ ಬಂತು, ಬಾಗಿಲು ಹಾಕಿತು. ಕೆಲಸ ಹೋದವರಲ್ಲಿ ಜ್ಯಾಕ್ ವಿಲ್ಲಿಸ್ ಕೂಡ ಒಬ್ಬರು. ಆಗಲೇ ಇಂಗ್ಲೆಂಡ್ ಪರ ಆಡಿದ್ದ ಫ್ಲ್ಯಾಂಕರ್, ಅಂದರೆ ನೆಲಕ್ಕೆ ಬಿದ್ದ ಚೆಂಡಿಗಾಗಿ ಗುದ್ದಾಡುವವರು. ಮುಂದಿನ ತಿಂಗಳೇ ಫ್ರಾನ್ಸ್‌ನ ಟುಲೂಸ್ ಕ್ಲಬ್ ಅವರನ್ನು ಕರೆಸಿಕೊಂಡಿತು. ಅಲ್ಲಿ ಅವರು ಫ್ರೆಂಚ್ ಲೀಗ್ ಗೆದ್ದರು, 2024ರಲ್ಲಿ ಯುರೋಪಿನ ಕಪ್ಪನ್ನೂ ಗೆದ್ದರು.

ಆದರೆ ಇಂಗ್ಲೆಂಡ್ ತಂಡದ ಬಾಗಿಲು ಅವರಿಗೆ ಮುಚ್ಚಿತು. ಕ್ಲಬ್ ಮುಳುಗಿದ ಆ ಒಂದು ಸೀಸನ್‌ಗೆ ಮಾತ್ರ ವಿನಾಯಿತಿ ಸಿಕ್ಕಿತ್ತು. ಆಮೇಲೂ ಟುಲೂಸ್‌ನಲ್ಲೇ ಉಳಿಯಲು ಅವರು ತೀರ್ಮಾನಿಸಿದರು. ಹೊರದೇಶದ ಕ್ಲಬ್‌ಗೆ ಆಡುವವರನ್ನು ತೀರಾ ವಿಶೇಷ ಸಂದರ್ಭ ಬಿಟ್ಟರೆ ಇಂಗ್ಲೆಂಡ್ ಆರಿಸುವುದಿಲ್ಲ. ಯುರೋಪಿನ ಅತ್ಯುತ್ತಮ ಕ್ಲಬ್‌ನಲ್ಲಿ ಕಾಯಂ ಜಾಗ ಇದೆ, ಸ್ವಂತ ದೇಶದ ತಂಡದಲ್ಲಿ ಇಲ್ಲ. ವಿಚಿತ್ರ ಅಲ್ವಾ?

ರಗ್ಬಿ ಯೂನಿಯನ್ ಅನ್ನು ವೃತ್ತಿಯಾಗಿ ನೋಡಿದರೆ ಈ ವಿಚಿತ್ರವೇ ಮೊದಲು ಕಣ್ಣಿಗೆ ಬೀಳುತ್ತದೆ. ಆಟಗಾರರಿಗೆ ಇಬ್ಬರು ಯಜಮಾನರು. ಒಂದು ಕಡೆ ಸಂಬಳ ಕೊಡುವ ಕ್ಲಬ್. ಇನ್ನೊಂದು ಕಡೆ ಹೆಸರು ಕೊಡುವ ದೇಶ. ಇಬ್ಬರಿಗೂ ಬೇಕಾಗಿರುವುದು ಅದೇ ಮೊಣಕಾಲು, ಅದೇ ಭುಜ, ಅದೇ ತಲೆ. ಎಳೆದಾಟ ಎಲ್ಲ ದೇಶಗಳಲ್ಲೂ ಇದೆ. ಅದನ್ನು ಒಂದೊಂದು ದೇಶ ಒಂದೊಂದು ರೀತಿಯಲ್ಲಿ ಬಗೆಹರಿಸಿಕೊಂಡಿದೆ, ಅಷ್ಟೇ.

ಸಂಬಳ ಶುರುವಾಗಿದ್ದು 1995ರಲ್ಲಿ

ಈ ಆಟಕ್ಕೆ ವಯಸ್ಸು ಜಾಸ್ತಿ, ವೃತ್ತಿಗೆ ಕಡಿಮೆ. 1895ರಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್‌ಗಳು ಒಂದು ಬೇಡಿಕೆ ಇಟ್ಟವು. ಗಣಿಯಲ್ಲಿ, ಗಿರಣಿಯಲ್ಲಿ ದುಡಿಯುವವರು ಆಟಕ್ಕಾಗಿ ರಜೆ ಹಾಕಿದರೆ ಆ ದಿನದ ಕೂಲಿಯನ್ನಾದರೂ ಕೊಡಬೇಕು ಎಂದವು. ಲಂಡನ್ನಿನ ದೊಡ್ಡವರು ಒಪ್ಪಲಿಲ್ಲ. ಜಗಳ ಬೆಳೆದು ಆಟವೇ ಎರಡಾಯಿತು. ಬೇರೆಯಾದವರ ಆಟ ಮುಂದೆ 13 ಜನರ ರಗ್ಬಿ ಲೀಗ್ ಆಯಿತು. 15 ಜನರ ಯೂನಿಯನ್ ಮಾತ್ರ ಮತ್ತೊಂದು ನೂರು ವರ್ಷ ದುಡ್ಡು ಮುಟ್ಟದೆ ಕೂತಿತು.

ಮುಟ್ಟಬಾರದು ಎಂದರೆ ಎಷ್ಟು ಅಂತೀರಾ? ಇಂಗ್ಲೆಂಡ್ ನಾಯಕ ಬಿಲ್ ಬ್ಯೂಮಾಂಟ್ ನಿವೃತ್ತಿಯಾದ ಮೇಲೆ ಆತ್ಮಕಥೆ ಬರೆದು ಅದರ ಹಣ ಇಟ್ಟುಕೊಂಡರು. ಅಷ್ಟಕ್ಕೇ ಅವರಿಗೆ ‘ವೃತ್ತಿಪರ’ ಎಂಬ ಹಣೆಪಟ್ಟಿ ಹಚ್ಚಿ ಆಟದಿಂದ ದೂರ ಇಟ್ಟರು. ಮುಂದೆ ಅದೇ ಬ್ಯೂಮಾಂಟ್ ವಿಶ್ವ ರಗ್ಬಿ ಸಂಸ್ಥೆಯ ಅಧ್ಯಕ್ಷರಾದರು. ಕಾಲ ಹಾಗೆ ತಿರುಗಿತು.

ತಿರುಗಿಸಿದ್ದು ಟಿವಿ. 1995ರ ಜೂನ್‌ನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ವಿಶ್ವಕಪ್ ನಡೆಯುತ್ತಿತ್ತು. ನ್ಯೂಜಿಲೆಂಡ್‌ನ ಜೋನಾ ಲೋಮು ಎಂಬ ದೈತ್ಯ ವಿಂಗ್ (ಮೈದಾನದ ಅಂಚಿನಲ್ಲಿ ಓಡುವ ಆಟಗಾರ) ಎದುರಾಳಿಗಳ ಮೇಲೆ ಹಾದುಹೋಗುವುದನ್ನು ಜಗತ್ತೇ ನೋಡಿತು. ಫೈನಲ್‌ಗೆ ಮುನ್ನವೇ ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್, ಆಸ್ಟ್ರೇಲಿಯಾ ಸೇರಿ ರೂಪರ್ಟ್ ಮರ್ಡೋಕ್ ಅವರ ಕಂಪನಿಯ ಜೊತೆ 10 ವರ್ಷಕ್ಕೆ 55 ಕೋಟಿ ಡಾಲರ್ ಟಿವಿ ಒಪ್ಪಂದ ಮಾಡಿಕೊಂಡವು. ಇನ್ನೊಂದು ಕಡೆ ಆಸ್ಟ್ರೇಲಿಯಾದ ಟಿವಿ ದೊರೆ ಕೆರಿ ಪ್ಯಾಕರ್ ಅವರ ಬೆಂಬಲದ ಬಂಡಾಯ ಲೀಗ್ ಒಳಗೊಳಗೇ ಆಟಗಾರರ ಸಹಿ ಸಂಗ್ರಹಿಸುತ್ತಿತ್ತು. ಬೇರೆ ದಾರಿ ಇರಲಿಲ್ಲ. ಆಗಸ್ಟ್‌ನಲ್ಲಿ ಪ್ಯಾರಿಸ್‌ನಲ್ಲಿ ಸಭೆ ಸೇರಿದ ಅಂತರರಾಷ್ಟ್ರೀಯ ಮಂಡಳಿ, ಇನ್ನು ಮುಂದೆ ಯಾರು ಬೇಕಾದರೂ ಹಣ ಪಡೆದು ಆಡಬಹುದು ಎಂದು ಘೋಷಿಸಿತು. ಹಾಗಾಗಿ ಈ ವೃತ್ತಿಯಲ್ಲಿ ಪೂರ್ತಿ ಬದುಕು ಕಳೆದ ಮೊದಲ ತಲೆಮಾರು ಈಗಷ್ಟೇ ನಡುವಯಸ್ಸು ಮುಟ್ಟಿದೆ. ಅವರ ಕಥೆಗೆ ಆಮೇಲೆ ಬರುತ್ತೇನೆ.

ಬೆನ್ನ ಮೇಲಿನ ನಂಬರ್

ರಗ್ಬಿಯಲ್ಲಿ ಬೆನ್ನ ಮೇಲಿನ ನಂಬರ್ ಅಲಂಕಾರಕ್ಕಲ್ಲ. ಅದು ಕೆಲಸದ ಹೆಸರು. 1ರಿಂದ 8 ಫಾರ್ವರ್ಡ್‌ಗಳು. ಸ್ಕ್ರಮ್‌ನಲ್ಲಿ ತಳ್ಳುವುದು, ಗೆರೆಯಾಚೆಯಿಂದ ಒಳಗೆ ಎಸೆಯುವ ಲೈನ್‌ಔಟ್‌ನಲ್ಲಿ ಚೆಂಡಿಗೆ ಹಾರುವುದು, ನೆಲಕ್ಕೆ ಬಿದ್ದ ಚೆಂಡಿಗಾಗಿ ಗುದ್ದಾಡುವುದು ಮುಖ್ಯವಾಗಿ ಇವರ ಪಾಲು. 9ರಿಂದ 15 ಬ್ಯಾಕ್‌ಗಳು. ಓಡುವುದು, ಪಾಸ್ ಮಾಡುವುದು, ಒದೆಯುವುದು ಹೆಚ್ಚಾಗಿ ಇವರ ಪಾಲು. ಟ್ಯಾಕಲ್ ಮಾಡುವುದರಿಂದ, ಅಂದರೆ ಚೆಂಡು ಹಿಡಿದವರನ್ನು ನೆಲಕ್ಕೆ ಕೆಡಹುವುದರಿಂದ ಮಾತ್ರ ಯಾರಿಗೂ ವಿನಾಯಿತಿ ಇಲ್ಲ.

ಯಾವ ನಂಬರ್ ಎಂಬುದರ ಮೇಲೆ ವೃತ್ತಿ ಎಷ್ಟು ವರ್ಷ ನಡೆಯುತ್ತದೆ, ಎಷ್ಟು ಸಂಬಳ ಬರುತ್ತದೆ, ಮೈಯ ಯಾವ ಭಾಗ ಮೊದಲು ಸವೆಯುತ್ತದೆ ಎಂಬುದೆಲ್ಲ ನಿಂತಿದೆ. ವಿಂಗ್ ಆಟಗಾರರ ಬಂಡವಾಳ ವೇಗ. ಅದು ಬೇಗ ಬರುತ್ತದೆ, ಬೇಗ ಹೋಗುತ್ತದೆ. 20ರ ಒಳಗೇ ದೇಶದ ತಂಡ ಸೇರುವ ವಿಂಗ್‌ಗಳು ಸಿಗುತ್ತಾರೆ. ಸ್ಕ್ರಮ್‌ನ ಮುಂದಿನ ಸಾಲಿನಲ್ಲಿ ನಿಲ್ಲುವ ಪ್ರಾಪ್‌ಗಳ (1 ಮತ್ತು 3ನೇ ನಂಬರ್) ವಿಷಯ ಇದಕ್ಕೆ ಉಲ್ಟಾ.

ಪ್ರಾಪ್ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಯಾಕೆಂದರೆ ಟಿವಿಯಲ್ಲಿ ಅತಿ ಕಡಿಮೆ ಅರ್ಥವಾಗುವ, ಮಾರುಕಟ್ಟೆಯಲ್ಲಿ ಅತಿ ಹೆಚ್ಚು ಬೇಡಿಕೆ ಇರುವ ಕೆಲಸಗಳಲ್ಲಿ ಅದೂ ಒಂದು. ಸ್ಕ್ರಮ್ ಎಂದರೆ ಎರಡೂ ಕಡೆ ಎಂಟೆಂಟು ಜನ ತೋಳು ಬೆಸೆದು, ಬಗ್ಗಿ, ತಲೆಗಳನ್ನು ಎದುರಾಳಿಗಳ ತಲೆಗಳ ನಡುವೆ ತೂರಿಸಿ ತಳ್ಳಾಡುವುದು. ರೆಫರಿ ‘ಕ್ರೌಚ್’ ಎಂದಾಗ ಬಗ್ಗಬೇಕು, ‘ಬೈಂಡ್’ ಎಂದಾಗ ಎದುರಿನವರ ಜೆರ್ಸಿ ಹಿಡಿಯಬೇಕು, ‘ಸೆಟ್’ ಎಂದಾಗ ಒಳಗೆ ನುಗ್ಗಬೇಕು. ಅಂತರರಾಷ್ಟ್ರೀಯ ಮಟ್ಟದಲ್ಲಿ ಒಂದೊಂದು ಕಡೆಯ ಎಂಟು ಜನರ ತೂಕ ಸೇರಿದರೆ 900 ಕಿಲೋ ಆಸುಪಾಸು.

ಮುಂದಿನ ಸಾಲಿನಲ್ಲಿ ಮೂವರು. ನಡುವೆ ಹುಕರ್, ಎಡಕ್ಕೆ 1ನೇ ನಂಬರ್, ಬಲಕ್ಕೆ 3ನೇ ನಂಬರ್. 1ನೇ ನಂಬರಿನ ಎಡಭುಜ ಹೊರಗೆ ಖಾಲಿ ಇರುತ್ತದೆ. 3ನೇ ನಂಬರಿನ ತಲೆ ಮಾತ್ರ ಎದುರಾಳಿ ಹುಕರ್ ಮತ್ತು ಪ್ರಾಪ್ ನಡುವೆ ಸಿಕ್ಕಿಕೊಳ್ಳುತ್ತದೆ. ಎರಡೂ ಭುಜಗಳ ಮೇಲೆ ಭಾರ, ಹಿಂದಿನಿಂದ ಸ್ವಂತ ತಂಡದವರ ಒತ್ತಡ. ಈ ಕೋನದಲ್ಲಿ ಬೆನ್ನನ್ನು ನೇರವಾಗಿಟ್ಟು, ಕಾಲು ಜಾರದಂತೆ, ಕುಸಿಯದಂತೆ ನಿಲ್ಲುವುದನ್ನು ಜಿಮ್ ಕಲಿಸುವುದಿಲ್ಲ. ನೂರಾರು ಸ್ಕ್ರಮ್‌ಗಳಲ್ಲಿ ಪೆಟ್ಟು ತಿಂದೇ ಕಲಿಯಬೇಕು. 22ರ ಹುಡುಗ 34ರ ಹಳೇ ಹುಲಿಯ ಎದುರು ಬಗ್ಗಿ, ಮೂಗು ಮಣ್ಣಿಗೆ ತಾಗಿಸಿಕೊಂಡು ಏಳುವ ದೃಶ್ಯ ಮಾಮೂಲಿ. ಹಾಗಾಗಿಯೇ ಒಳ್ಳೆಯ ಪ್ರಾಪ್‌ಗಳು 20ರ ದಶಕದ ಕೊನೆಯಲ್ಲಿ ಮಾಗಿ, 30 ದಾಟಿದ ಮೇಲೂ ಆಡುತ್ತಿರುತ್ತಾರೆ.

ಬೇಡಿಕೆಗೆ ಇನ್ನೊಂದು ಕಾರಣ ನಿಯಮದಲ್ಲೇ ಇದೆ. ತರಬೇತಿ ಇಲ್ಲದವರನ್ನು ಮುಂದಿನ ಸಾಲಿಗೆ ಹಾಕಿದರೆ ಕತ್ತು ಮುರಿದೀತು. ಅದಕ್ಕೇ 23 ಜನರ ತಂಡದಲ್ಲಿ ಮುಂದಿನ ಸಾಲಿನ ಮೂರೂ ಜಾಗಗಳಿಗೆ ನುರಿತ ಬದಲಿ ಆಟಗಾರರು ಇರಲೇಬೇಕು. ಅಂದರೆ ಪ್ರತಿ ಪಂದ್ಯಕ್ಕೂ ಇಬ್ಬರು 3ನೇ ನಂಬರಿನವರು ಬೇಕು. ಗಾಯಾಳುಗಳ ಲೆಕ್ಕ ಹಾಕಿದರೆ ಕ್ಲಬ್‌ಗೆ ನಾಲ್ಕೈದು ಜನ. ವಿಂಗ್ ಗಾಯಗೊಂಡರೆ ಫುಲ್‌ಬ್ಯಾಕ್ ಆಡಿಯಾನು. 3ನೇ ನಂಬರಿಗೆ ಹಾಗೆ ಯಾರೋ ಒಬ್ಬರನ್ನು ನಿಲ್ಲಿಸಲು ಆಗದು.

ಈಚೆಗೆ ಬೆಂಚ್ ಕೂಡ ಒಂದು ಪ್ರತ್ಯೇಕ ಹುದ್ದೆಯಂತಾಗಿದೆ. 2023ರ ವಿಶ್ವಕಪ್ ಫೈನಲ್‌ಗೆ ದಕ್ಷಿಣ ಆಫ್ರಿಕಾ ಎಂಟು ಬದಲಿ ಆಟಗಾರರಲ್ಲಿ ಏಳು ಫಾರ್ವರ್ಡ್‌ಗಳನ್ನೇ ಕೂರಿಸಿತ್ತು. ‘ಬಾಂಬ್ ಸ್ಕ್ವಾಡ್’ ಎಂದು ಅವರಿಗೆ ಅಡ್ಡಹೆಸರು. ದ್ವಿತೀಯಾರ್ಧದಲ್ಲಿ ಸುಸ್ತಾದ ಎದುರಾಳಿಗಳ ಮೇಲೆ ಹೊಸ ರಕ್ತ ಬಿಡುವ ಲೆಕ್ಕಾಚಾರ. ನ್ಯೂಜಿಲೆಂಡ್ ವಿರುದ್ಧ 12–11ರಿಂದ ಗೆದ್ದರು. 80ರಲ್ಲಿ 30 ನಿಮಿಷ ಮಾತ್ರ ಆಡಿ ವಿಶ್ವಚಾಂಪಿಯನ್ ಆಗುವ ದಾರಿಯೂ ಈಗ ಇದೆ ಎಂದಾಯಿತು.

ಇನ್ನು 10ನೇ ನಂಬರ್, ಫ್ಲೈ-ಹಾಫ್. ತಂಡದ ಆಟ ನಡೆಸುವವರು ಇವರೇ. ಅವರಿಗೆ ಕಾಲಿನ ವೇಗ ಸ್ವಲ್ಪ ಕುಂದಿದರೂ ನಡೆಯುತ್ತದೆ, ಓದುವ ಕಣ್ಣು ಮತ್ತು ಒದೆಯುವ ಕಾಲು ಇರಬೇಕು. ಐರ್ಲೆಂಡಿನ ಜಾನಿ ಸೆಕ್ಸ್‌ಟನ್ 38ನೇ ವಯಸ್ಸಿನಲ್ಲಿ 2023ರ ವಿಶ್ವಕಪ್‌ಗೆ ನಾಯಕರಾಗಿ ಹೋಗಿದ್ದರು. ಫ್ಲ್ಯಾಂಕರ್ ಆದ 7ನೇ ನಂಬರ್ ನೋಡಿ. ಟ್ಯಾಕಲ್ ಆದ ತಕ್ಷಣ ನೆಲದ ಮೇಲಿನ ಚೆಂಡಿಗೆ ಬಗ್ಗುವ ಕೆಲಸ. ಬಗ್ಗಿದವರ ಕತ್ತಿನ ಮೇಲೆ ನೂರು ಕಿಲೋ ಮೈಗಳು ಬಂದು ಬೀಳುತ್ತವೆ. ಬ್ರಿಟಿಷ್ ಮತ್ತು ಐರಿಷ್ ಲಯನ್ಸ್ ತಂಡವನ್ನು (ಬ್ರಿಟನ್, ಐರ್ಲೆಂಡ್‌ಗಳ ಆಯ್ದ ಆಟಗಾರರ ಜಂಟಿ ತಂಡ) ಎರಡು ಪ್ರವಾಸಗಳಲ್ಲಿ ಮುನ್ನಡೆಸಿದ್ದ ವೇಲ್ಸ್‌ನ ಸ್ಯಾಮ್ ವಾರ್ಬರ್ಟನ್ 29ಕ್ಕೇ ಆಟ ಬಿಟ್ಟರು. ಮೈ ಒಪ್ಪಲಿಲ್ಲ.

ಒಳಗೆ ಬರುವ ದಾರಿ

ದಾರಿ ದೇಶದಿಂದ ದೇಶಕ್ಕೆ ಬೇರೆ. ದಕ್ಷಿಣ ಆಫ್ರಿಕಾದಲ್ಲಿ ಶಾಲೆಯೇ ಎಲ್ಲ. 1964ರಿಂದ ನಡೆಯುತ್ತಿರುವ ಕ್ರೇವನ್ ವೀಕ್ ಎಂಬ ಶಾಲಾ ಟೂರ್ನಿಗೆ ದೊಡ್ಡ ಕ್ಲಬ್‌ಗಳ ಕಣ್ಣು ನೆಟ್ಟಿರುತ್ತದೆ. ನ್ಯೂಜಿಲೆಂಡ್‌ನಲ್ಲಿ ಶಾಲೆ, ಪ್ರಾಂತ್ಯದ ತಂಡ, ಸೂಪರ್ ರಗ್ಬಿ ಎಂಬ ದಕ್ಷಿಣ ಗೋಳಾರ್ಧದ ದೊಡ್ಡ ಲೀಗ್, ಆಮೇಲೆ ಆಲ್ ಬ್ಲ್ಯಾಕ್ಸ್ ಎನ್ನುವ ರಾಷ್ಟ್ರೀಯ ತಂಡ. ಇಂಗ್ಲೆಂಡಿನಲ್ಲಿ ಕ್ಲಬ್‌ಗಳ ಅಕಾಡೆಮಿಗಳು ಹದಿಹರೆಯದಲ್ಲೇ ಹುಡುಗರನ್ನು ಗುರುತಿಸಿ, 18ರ ಹೊತ್ತಿಗೆ ಅಕಾಡೆಮಿ ಕಾಂಟ್ರ್ಯಾಕ್ಟ್ ಕೊಡುತ್ತವೆ. ಸಂಬಳ ಕೈಖರ್ಚಿಗಿಂತ ಸ್ವಲ್ಪ ಮೇಲು. ಆಡಲು ಅವಕಾಶ ಸಿಗದವರನ್ನು ಎರಡನೇ ದರ್ಜೆಯ ಕ್ಲಬ್‌ಗಳಿಗೆ ಸಾಲವಾಗಿ ಕಳಿಸುತ್ತಾರೆ. ಅಲ್ಲಿ ಚಳಿಗಾಲದ ಕೆಸರಿನಲ್ಲಿ, ಹಗಲು ಬೇರೆ ಕೆಲಸ ಮಾಡಿ ಬರುವ ದೊಡ್ಡವರ ಎದುರು ನಿಜವಾದ ಪಾಠ ಆಗುತ್ತದೆ.

ಎರಡು ಮೂರು ವರ್ಷದ ಕೊನೆಗೆ ಒಂದು ಮಾತುಕತೆ. ಸೀನಿಯರ್ ಕಾಂಟ್ರ್ಯಾಕ್ಟ್ ಅಥವಾ ‘ಬೇರೆ ಕಡೆ ನೋಡಿಕೋ’. ಬಹಳಷ್ಟು ಜನರ ವೃತ್ತಿ ಇಲ್ಲೇ, 21ರ ಆಸುಪಾಸಿನಲ್ಲಿ, ಪತ್ರಿಕೆಯಲ್ಲಿ ಒಂದು ಸಾಲೂ ಬರದೆ ಮುಗಿಯುತ್ತದೆ.

ಪೆಸಿಫಿಕ್ ದ್ವೀಪಗಳ ದಾರಿ ಇನ್ನೊಂದು ಬಗೆ. ಫಿಜಿ, ಸಮೋವಾ, ಟೋಂಗಾ ಜನಸಂಖ್ಯೆಯಲ್ಲಿ ಸಣ್ಣ ದೇಶಗಳು, ರಗ್ಬಿ ಪ್ರತಿಭೆಯಲ್ಲಿ ದೊಡ್ಡವು. ತುಂಬ ಕಾಲ ಅಲ್ಲಿ ದೊಡ್ಡ ವೃತ್ತಿಪರ ತಂಡವೇ ಇರಲಿಲ್ಲ. ಫಿಜಿಯನ್ ದ್ರುವಾ ಮತ್ತು ಮೊವಾನಾ ಪೆಸಿಫಿಕಾ ತಂಡಗಳು ಸೂಪರ್ ರಗ್ಬಿಗೆ ಬಂದಿದ್ದೇ 2022ರಲ್ಲಿ. ಅದಕ್ಕೂ ಮೊದಲು ಆಡಬೇಕೆಂದರೆ ಊರು ಬಿಡಲೇಬೇಕಿತ್ತು. ಈಗಲೂ ಹದಿನೆಂಟರ ಹುಡುಗರು ಫ್ರಾನ್ಸ್‌ಗೆ ಹೋಗುತ್ತಾರೆ. ಭಾಷೆ ಬರದು, ಚಳಿ ಗೊತ್ತಿಲ್ಲ, ಸಂಬಳದ ಒಂದು ಪಾಲು ಮನೆಗೆ. ಕಾಂಟ್ರ್ಯಾಕ್ಟ್ ಮುಗಿದು ಮುಂದೆ ಯಾರೂ ಕರೆಯದೆ ಅಲ್ಲೇ ಸಣ್ಣ ಊರಿನ ಕ್ಲಬ್‌ಗಳಲ್ಲಿ ಉಳಿದುಹೋದವರೂ ಇದ್ದಾರೆ.

ಬೇರೆ ಆಟದಿಂದ ಬರುವವರೂ ಉಂಟು, ಬೇರೆ ಆಟಕ್ಕೆ ಹೋಗುವವರೂ ಉಂಟು. ಇಂಗ್ಲೆಂಡಿನ ಜೇಸನ್ ರಾಬಿನ್‌ಸನ್ ರಗ್ಬಿ ಲೀಗ್‌ನಿಂದ ಬಂದು 2003ರ ವಿಶ್ವಕಪ್ ಫೈನಲ್‌ನಲ್ಲಿ ಟ್ರೈ ಹೊಡೆದರು, ಅಂದರೆ ಎದುರಾಳಿಯ ಗೆರೆಯಾಚೆ ಚೆಂಡು ನೆಲಕ್ಕೆ ತಾಗಿಸಿ ಅಂಕ ತಂದರು. ವೇಲ್ಸ್‌ನ ಲೂಯಿ ರೀಸ್-ಜ್ಯಾಮಿಟ್ 2024ರಲ್ಲಿ ಅಮೆರಿಕನ್ ಫುಟ್‌ಬಾಲ್ ಕಡೆ ಹೋಗಿ, ಮರುವರ್ಷ ವಾಪಸ್ ಬಂದರು.

ದುಡ್ಡು ಎಲ್ಲಿಂದ, ಎಷ್ಟು

ಫುಟ್‌ಬಾಲ್‌ನಲ್ಲಿ ಕೇಳುವ ಕೋಟಿಗಟ್ಟಲೆ ಟ್ರಾನ್ಸ್‌ಫರ್ ಹಣ ಇಲ್ಲಿ ಅಪರೂಪ. ಸಾಮಾನ್ಯವಾಗಿ ಎರಡು ಮೂರು ವರ್ಷದ ಕಾಂಟ್ರ್ಯಾಕ್ಟ್ ಮುಗಿಯಲು ಬಿಟ್ಟು, ಆಮೇಲೆ ಹೊಸ ಕ್ಲಬ್ ಸೇರುತ್ತಾರೆ. ಹಾಗಾಗಿ ಕಾಂಟ್ರ್ಯಾಕ್ಟ್‌ನ ಕೊನೆಯ ವರ್ಷ ಎಲ್ಲರಿಗೂ ಢವಢವ. ಆ ವರ್ಷವೇ ಮೊಣಕಾಲಿನ ಲಿಗಮೆಂಟ್ ಹರಿದರೆ ಸುಮಾರು ಒಂಬತ್ತು ತಿಂಗಳು ಹೊರಗೆ. ಮಾರುಕಟ್ಟೆಯಲ್ಲಿ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ.

ಒಬ್ಬರ ಗಾಯ ಇನ್ನೊಬ್ಬರಿಗೆ ಕೆಲಸ ಎಂಬುದನ್ನು ಫ್ರೆಂಚರು ನಿಯಮವನ್ನೇ ಮಾಡಿಟ್ಟಿದ್ದಾರೆ. ದೀರ್ಘಕಾಲ ಹೊರಗುಳಿಯುವ ಆಟಗಾರರ ಜಾಗಕ್ಕೆ ಸೀಸನ್ ನಡುವೆಯೇ ತಾತ್ಕಾಲಿಕ ಆಟಗಾರರನ್ನು ತರಬಹುದು. ಅವರಿಗೆ ‘ಮೆಡಿಕಲ್ ಜೋಕರ್’ ಎಂದು ಹೆಸರು. ಮೂರು ತಿಂಗಳ ಜೋಕರ್ ಆಗಿ ಬಂದು ಮೂರು ವರ್ಷದ ಕಾಂಟ್ರ್ಯಾಕ್ಟ್ ಗಿಟ್ಟಿಸಿಕೊಳ್ಳುವ ಆಸೆ ಎಲ್ಲ ಜೋಕರ್‌ಗಳಿಗೂ ಇರುತ್ತದೆ.

ಇಂಗ್ಲೆಂಡಿನ ಪ್ರೀಮಿಯರ್‌ಶಿಪ್‌ನಲ್ಲಿ ಒಂದು ಕ್ಲಬ್ ಇಡೀ ವರ್ಷಕ್ಕೆ ಸಂಬಳಕ್ಕಾಗಿ ಖರ್ಚು ಮಾಡಬಹುದಾದ ಮೂಲ ಮಿತಿ 64 ಲಕ್ಷ ಪೌಂಡ್. ಕೆಲವು ರಿಯಾಯಿತಿ ಬೇರೆ ಇವೆ. ಸುಮ್ನೆ 40 ಜನರಿಗೆ ಭಾಗಿಸಿ ನೋಡಿ, ತಲಾ 1.6 ಲಕ್ಷ ಬರುತ್ತದೆ. ಆದರೆ ಸರಾಸರಿ ಮೋಸ ಮಾಡುತ್ತದೆ. ದೊಡ್ಡ ಹೆಸರಿನ 10ನೇ ನಂಬರ್ ಅದರ ಎಷ್ಟೋ ಪಟ್ಟು ಒಯ್ದರೆ, ಅಕಾಡೆಮಿಯಿಂದ ಬಂದ ಹುಡುಗರಿಗೆ ಉಳಿಯುವುದು ಅದರ ಚೂರು. ಮಿತಿ ಮೀರಿದರೆ ಶಿಕ್ಷೆ ಕಠಿಣ. 2019ರಲ್ಲಿ ಸಾರಾಸೆನ್ಸ್ ಕ್ಲಬ್‌ಗೆ 53 ಲಕ್ಷ ಪೌಂಡ್ ದಾಟಿದ ದಂಡ, ಜೊತೆಗೆ ಅಂಕ ಕಡಿತ. ಕೊನೆಗೆ ಆ ಯುರೋಪ್ ಚಾಂಪಿಯನ್ ಕ್ಲಬ್ ಕೆಳಗಿನ ದರ್ಜೆಗೆ ಇಳಿಯಿತು.

ಮಿತಿ ಇದ್ದರೂ ಕ್ಲಬ್‌ಗಳು ಉಳಿಯಲಿಲ್ಲ. ವಾಸ್ಪ್ಸ್, ವೂಸ್ಟರ್, ಆಮೇಲೆ 2023ರಲ್ಲಿ ಲಂಡನ್ ಐರಿಷ್ ಹೋದವು. 13 ಕ್ಲಬ್‌ಗಳ ಲೀಗ್ 10ಕ್ಕೆ ಇಳಿಯಿತು. ಮೂರು ತಂಡಗಳ ಆಟಗಾರರು ಒಟ್ಟಿಗೆ ಮಾರುಕಟ್ಟೆಗೆ ಬಂದಾಗ ಮಧ್ಯಮ ದರ್ಜೆಯವರ ಬೆಲೆ ಕುಸಿಯುವುದು ಸಹಜ. ಸ್ಟಾರ್‌ಗಳು ಹೇಗೋ ಜಾಗ ಹುಡುಕಿಕೊಂಡರು. ಪೆಟ್ಟು ಬಿದ್ದಿದ್ದು ಉಳಿದವರಿಗೆ.

ಫ್ರಾನ್ಸ್‌ನ ಟಾಪ್ 14 ಲೀಗ್‌ನಲ್ಲಿ ಹಣ ಜಾಸ್ತಿ. ಟಿವಿ ಒಪ್ಪಂದ ದೊಡ್ಡದು, ಮೈದಾನಗಳು ತುಂಬುತ್ತವೆ. ಆದರೆ 26 ಸುತ್ತುಗಳ ಲೀಗ್, ಮೇಲೆ ಪ್ಲೇ-ಆಫ್, ನಡುವೆ ಯುರೋಪಿನ ಕಪ್. ಆಗಸ್ಟ್‌ನಲ್ಲೋ ಸೆಪ್ಟೆಂಬರ್ ಮೊದಲಲ್ಲೋ ಶುರುವಾದರೆ ಜೂನ್ ಕೊನೆಗೆ ಮುಗಿಯುತ್ತದೆ. ಹಣಕ್ಕೆ ತಕ್ಕ ಮೈಸವೆತ. ಜೊತೆಗೆ ಫ್ರಾನ್ಸ್‌ನಲ್ಲೇ ತರಬೇತಿ ಪಡೆದು ಬೆಳೆದವರು ತಂಡದಲ್ಲಿ ಇಂತಿಷ್ಟು ಜನ ಇರಬೇಕೆಂಬ ನಿಯಮವಿದೆ. ವಿದೇಶಿಯರಿಗೆ ಸಿಗುವ ಜಾಗ ಕಡಿಮೆ.

ಜಪಾನ್ ಇದಕ್ಕೆ ವಿರುದ್ಧ. ಅಲ್ಲಿ ತಂಡಗಳ ಹಿಂದೆ ದೊಡ್ಡ ಕಂಪನಿಗಳಿವೆ, ಸಂಬಳ ಚೆನ್ನಾಗಿದೆ, ಪಂದ್ಯಗಳು ಕಡಿಮೆ. 30 ದಾಟಿದ ಸ್ಟಾರ್‌ಗಳಿಗೆ ಇದಕ್ಕಿಂತ ಏನು ಬೇಕು? ದಕ್ಷಿಣ ಆಫ್ರಿಕಾದ ವಿಂಗ್ ಚೆಸ್ಲಿನ್ ಕೋಲ್ಬೆ ಕೇಪ್‌ಟೌನ್‌ನಿಂದ ಟುಲೂಸ್, ಅಲ್ಲಿಂದ ಟೂಲಾನ್, ಅಲ್ಲಿಂದ ಜಪಾನ್ ಎಂದು ಸಾಗಿದರು. ದೊಡ್ಡ ಮೈಗಳ ಈ ಆಟದಲ್ಲಿ ಅವರದು ಸಣ್ಣ ಆಳು. ಆ ಕಾರಣಕ್ಕೇ ಅವರನ್ನು ತಳ್ಳಿಹಾಕಿದವರು ಆಮೇಲೆ ಅವರ ಬೆನ್ನು ನೋಡುತ್ತ ಓಡಬೇಕಾಯಿತು.

ದೇಶ ಕರೆದಾಗ

ಈಗ ಎರಡನೇ ಯಜಮಾನರ ವಿಷಯ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಗೊತ್ತುಪಡಿಸಿದ ಅವಧಿಗಳಲ್ಲಿ ದೇಶ ಕರೆದರೆ ಕ್ಲಬ್ ಆಟಗಾರರನ್ನು ಬಿಟ್ಟುಕೊಡಬೇಕು. ಫೆಬ್ರವರಿ–ಮಾರ್ಚ್‌ನಲ್ಲಿ ಯುರೋಪಿನ ಆರು ದೇಶಗಳ ಟೂರ್ನಿ ಸಿಕ್ಸ್ ನೇಷನ್ಸ್ ನಡೆಯುವಾಗ ಫ್ರಾನ್ಸ್, ಇಂಗ್ಲೆಂಡ್ ಕ್ಲಬ್‌ಗಳ ಅತ್ಯುತ್ತಮರು ಕ್ಯಾಂಪ್‌ನಲ್ಲಿರುತ್ತಾರೆ. ಗಾಯಗೊಂಡು ವಾಪಸ್ ಬಂದರೆ ಕ್ಲಬ್ ಅಭಿಮಾನಿಗಳ ಹೊಟ್ಟೆಯುರಿ ಕೇಳಬೇಕು. 2025ರ ಮಾರ್ಚ್‌ನಲ್ಲಿ ಡಬ್ಲಿನ್‌ನಲ್ಲಿ ಐರ್ಲೆಂಡ್ ವಿರುದ್ಧ ಆಡುವಾಗ ಟುಲೂಸ್ ಕ್ಲಬ್‌ನ ಸ್ಟಾರ್ ಆಂತ್ವಾನ್ ದ್ಯುಪಾಂ ಅವರ ಮೊಣಕಾಲು ಹೋಯಿತು. ಆಡುತ್ತಿದ್ದದ್ದು ಫ್ರಾನ್ಸ್‌ಗೆ, ಉಳಿದ ಸೀಸನ್‌ಗೆ ಅವರಿಲ್ಲದೆ ಆಡಬೇಕಾಗಿದ್ದು ಟುಲೂಸ್.

ಐರ್ಲೆಂಡ್ ಈ ಜಗಳವನ್ನು ಸರಳವಾಗಿ ಬಗೆಹರಿಸಿಕೊಂಡಿದೆ. ಅಲ್ಲಿನ ನಾಲ್ಕು ಪ್ರಾಂತ್ಯ ತಂಡಗಳೂ ರಾಷ್ಟ್ರೀಯ ಸಂಸ್ಥೆಯ ಕೈಯಲ್ಲಿವೆ. ಮುಖ್ಯ ಆಟಗಾರರಿಗೆ ಸಂಸ್ಥೆಯೇ ನೇರ ಕಾಂಟ್ರ್ಯಾಕ್ಟ್ ಕೊಡುತ್ತದೆ. ಯಾರು ಯಾವ ವಾರ ಆಡಬೇಕು, ಯಾವ ವಾರ ಮಲಗಬೇಕು ಎಂಬುದನ್ನು ರಾಷ್ಟ್ರೀಯ ತಂಡದ ಅನುಕೂಲ ನೋಡಿ ತೀರ್ಮಾನಿಸುತ್ತಾರೆ. ಸಂಬಳ ಫ್ರಾನ್ಸ್‌ನಷ್ಟು ಇಲ್ಲದಿರಬಹುದು. ಆದರೆ ವೃತ್ತಿ ಎರಡು ವರ್ಷ ಜಾಸ್ತಿ ನಡೆದರೆ ಲೆಕ್ಕ ಸರಿಹೋಗುತ್ತದೆ. ನನಗಂತೂ ಇದೇ ಸರಿ ಎನಿಸುತ್ತದೆ. ಒಬ್ಬರೇ ಯಜಮಾನರಿದ್ದರೆ ಮೈಗೆ ಕಾವಲುಗಾರರೂ ಒಬ್ಬರು ಇದ್ದಂತೆ.

ನ್ಯೂಜಿಲೆಂಡ್ ಕೂಡ ದೇಶದೊಳಗೆ ಆಡುವವರಿಗೇ ಕಪ್ಪು ಜೆರ್ಸಿ ಎನ್ನುತ್ತದೆ. ಆದರೆ ಜಪಾನಿನ ಹಣದ ಎದುರು ಜೆರ್ಸಿಯ ಗೌರವ ಎಷ್ಟು ದಿನ ತಡೆದೀತು? ಅದಕ್ಕೇ ‘ಸಬ್ಬಾಟಿಕಲ್’ ಎಂಬ ಉಪಾಯ. ದೀರ್ಘ ಕಾಂಟ್ರ್ಯಾಕ್ಟ್‌ಗೆ ಸಹಿ ಹಾಕಿ, ನಡುವೆ ಒಂದು ಸೀಸನ್ ಜಪಾನ್‌ನಲ್ಲಿ ದುಡಿದು ಬನ್ನಿ. ಬೋಡನ್ ಬ್ಯಾರೆಟ್, ಆರ್ಡಿ ಸವಿಯಾ ಹಾಗೆ ಹೋಗಿ ಬಂದವರು. ದಕ್ಷಿಣ ಆಫ್ರಿಕಾ ಈ ತಲೆನೋವನ್ನೇ ಬಿಟ್ಟಿದೆ. ಎಲ್ಲಿ ಬೇಕಾದರೂ ಆಡಿ, ಕರೆದಾಗ ಬನ್ನಿ. ಹಾಗೆಯೇ 2019 ಮತ್ತು 2023ರ ವಿಶ್ವಕಪ್ ಗೆದ್ದರು. ವೇಲ್ಸ್ ಮಧ್ಯದ ದಾರಿ ಹಿಡಿದಿದೆ. ಹೊರಗೆ ಆಡುತ್ತಲೇ ದೇಶಕ್ಕೂ ಆಡಬೇಕಾದರೆ ಮೊದಲು ವೇಲ್ಸ್ ಪರ 60 ಪಂದ್ಯ ಆಡಿರಬೇಕಿತ್ತು, 2023ರಲ್ಲಿ ಅದನ್ನು 25ಕ್ಕೆ ಇಳಿಸಿತು.

ಯಾವ ದೇಶಕ್ಕೆ ಆಡಬಹುದು ಎಂಬುದೂ ವೃತ್ತಿಯ ತೀರ್ಮಾನವೇ. ನೀವು ಹುಟ್ಟಿದ ದೇಶ, ಇಲ್ಲ ತಂದೆ-ತಾಯಿ, ಅಜ್ಜ-ಅಜ್ಜಿ ಹುಟ್ಟಿದ ದೇಶ. ಅದೂ ಇಲ್ಲವೆಂದರೆ ಸತತ ಐದು ವರ್ಷ ವಾಸ. ಮೊದಲು ಮೂರೇ ವರ್ಷ ಸಾಕಿತ್ತು. ಒಂದು ದೇಶಕ್ಕೆ ಆಡಿದರೆ ಮುಗಿಯಿತು, ಬದಲಾಯಿಸುವಂತಿಲ್ಲ ಎಂಬ ನಿಯಮ 2022ರಲ್ಲಿ ಸಡಿಲವಾಯಿತು. ಮೂರು ವರ್ಷ ಯಾವ ದೇಶಕ್ಕೂ ಆಡದೆ ಇದ್ದರೆ, ತಾವು ಅಥವಾ ಹೆತ್ತವರು, ಅಜ್ಜ-ಅಜ್ಜಿ ಹುಟ್ಟಿದ ದೇಶಕ್ಕೆ ಒಂದು ಸಲ ಬದಲಾಗಬಹುದು. ಹಾಗೆ ನ್ಯೂಜಿಲೆಂಡ್ ಪರ ಆಡಿದ್ದ ಮಲಕಾಯ್ ಫೆಕಿಟೋವಾ, ಚಾರ್ಲ್ಸ್ ಪಿಯುಟಾವು ಟೋಂಗಾಗೆ ಆಡಿದರು.

ಒಂದು ವಾರ, ಒಂದು ತಲೆ

ಶನಿವಾರ ಪಂದ್ಯ ಎಂದುಕೊಳ್ಳಿ. ಭಾನುವಾರ ಐಸ್ ನೀರು, ಫಿಸಿಯೋ, ನಿದ್ದೆ. ಸೋಮವಾರ ವಿಡಿಯೋ. ನೀವು ಮಾಡಲಾಗದೆ ಬಿಟ್ಟ ಟ್ಯಾಕಲ್ ದೊಡ್ಡ ಪರದೆ ಮೇಲೆ, ಎಲ್ಲರ ಎದುರು, ನಿಧಾನಗತಿಯಲ್ಲಿ. ಮಂಗಳವಾರ ಕಠಿಣ ಅಭ್ಯಾಸ. ಬುಧವಾರ ರಜೆ. ಗುರುವಾರ ಮತ್ತೆ ಜೋರು. ಶುಕ್ರವಾರ ನಾಯಕರ ನೇತೃತ್ವದಲ್ಲಿ ಹಗುರ ಓಟ. ಎರಡು ಭುಜಗಳ ನಡುವೆ ಜೆರ್ಸಿಯೊಳಗೆ ಸಣ್ಣ ಜಿಪಿಎಸ್ ಪೆಟ್ಟಿಗೆ ಇರುತ್ತದೆ. ಎಷ್ಟು ಓಡಿದಿರಿ, ಎಷ್ಟು ವೇಗ ಎಂಬುದೆಲ್ಲ ಕೋಚ್ ಲ್ಯಾಪ್‌ಟಾಪ್‌ಗೆ ಹೋಗುತ್ತದೆ. ಸೋಮಾರಿತನಕ್ಕೆ ಜಾಗ ಇಲ್ಲ.

ವಾರವಿಡೀ ಒಬ್ಬರಿಗೊಬ್ಬರು ಗುದ್ದಾಡುತ್ತಾರೆ ಎಂದುಕೊಂಡರೆ ಅದು ಹಳೇ ಕಾಲದ ಮಾತು. ಪೂರ್ಣ ಬಲದ ಕಾಂಟ್ಯಾಕ್ಟ್ ಅಭ್ಯಾಸ ವಾರಕ್ಕೆ 15 ನಿಮಿಷ ಮೀರಬಾರದು ಎಂದು ವಿಶ್ವ ರಗ್ಬಿ 2021ರಲ್ಲಿ ಮಾರ್ಗಸೂಚಿ ಹೊರಡಿಸಿತು. ಕಾರಣ ತಲೆ.

ಇಂಗ್ಲೆಂಡಿನ ವೃತ್ತಿಪರ ಪಂದ್ಯಗಳಲ್ಲಿ ಎಷ್ಟೋ ವರ್ಷಗಳಿಂದ ಅತಿ ಹೆಚ್ಚು ವರದಿಯಾಗುವ ಗಾಯ ಕನ್ಕಷನ್, ಅಂದರೆ ತಲೆಗೆ ಪೆಟ್ಟು ಬಿದ್ದು ಮೆದುಳು ಅಲುಗಾಡುವುದು. ಪಂದ್ಯದಲ್ಲಿ ಅನುಮಾನ ಬಂದರೆ ಆಟಗಾರರನ್ನು ಹೊರಗೆ ಕರೆದು 12 ನಿಮಿಷ ಪರೀಕ್ಷೆ. ಮೈದಾನದ ಗದ್ದಲ ಗೋಡೆಯಾಚೆ ಕೇಳಿಸುತ್ತಿರುತ್ತದೆ. ವೈದ್ಯರು ಕೇಳುತ್ತಾರೆ: ನಾವೀಗ ಯಾವ ಮೈದಾನದಲ್ಲಿದ್ದೇವೆ? ಮೊದಲರ್ಧವೋ ಎರಡನೆಯದೋ? ಕೊನೆಗೆ ಅಂಕ ಗಳಿಸಿದ್ದು ಯಾರು? ಒಂದಷ್ಟು ಪದ ಹೇಳಿ ನೆನಪಿಟ್ಟುಕೊಳ್ಳಿ ಎನ್ನುತ್ತಾರೆ. ಅಂಕಿಗಳನ್ನು ಹಿಂದುಮುಂದಾಗಿ ಹೇಳಿಸುತ್ತಾರೆ. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ಗೆರೆಯ ಮೇಲೆ ನಡೆಸುತ್ತಾರೆ. ಫೇಲಾದರೆ ಅಂದಿನ ಆಟ ಮುಗಿಯಿತು. ಪಾಸಾದರೂ ಪಂದ್ಯ ಮುಗಿದ ಮೂರು ಗಂಟೆಯೊಳಗೆ ಮತ್ತೊಂದು ಪರೀಕ್ಷೆ, ಒಂದೆರಡು ದಿನ ಬಿಟ್ಟು ಮೂರನೆಯದು. ಪ್ರಜ್ಞೆ ತಪ್ಪಿದ್ದು ಸ್ಪಷ್ಟವಾಗಿ ಕಂಡರೆ ಪರೀಕ್ಷೆಯೇ ಇಲ್ಲ, ನೇರ ಹೊರಗೆ. 2024ರಿಂದ ದೊಡ್ಡ ಟೂರ್ನಿಗಳಲ್ಲಿ ಹಲ್ಲಿನ ಗಾರ್ಡ್‌ನಲ್ಲೇ ಸೆನ್ಸರ್ ಇರುತ್ತದೆ. ತಲೆಗೆ ಬಿದ್ದ ಹೊಡೆತದ ಬಲ ಮಿತಿ ದಾಟಿದರೆ ಅದೇ ವೈದ್ಯರಿಗೆ ಸೂಚನೆ ಕೊಡುತ್ತದೆ. ಆಟಗಾರ ‘ನಾನು ಚೆನ್ನಾಗಿದ್ದೀನಿ’ ಎಂದರೆ ಸಾಲದು.

ಇಷ್ಟೆಲ್ಲ ಬಂದಿದ್ದು ತಡವಾಗಿ. ಮೊದಲ ವೃತ್ತಿಪರ ತಲೆಮಾರಿನ ಮಾತು ಆಗಲೇ ಎತ್ತಿದ್ದೆ. 2003ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಹುಕರ್ ಸ್ಟೀವ್ ಥಾಂಪ್ಸನ್ 2020ರ ಡಿಸೆಂಬರ್‌ನಲ್ಲಿ ತಮಗೆ ಮರೆವಿನ ಕಾಯಿಲೆ ಡಿಮೆನ್ಶಿಯಾ ಶುರುವಾಗಿದೆ ಎಂದು ಹೇಳಿದರು. ಆಗ ವಯಸ್ಸು 42. ಆ ಫೈನಲ್ ಆಡಿದ್ದೇ ತಮಗೆ ನೆನಪಿಲ್ಲ ಎಂದರು. ವೇಲ್ಸ್‌ನ ಆಲಿಕ್ಸ್ ಪಾಪಮ್ ಅವರದೂ ಅದೇ ಕಥೆ. ಅವರಂಥ ಅನೇಕರು ಸೇರಿ ವಿಶ್ವ ರಗ್ಬಿ, ಇಂಗ್ಲೆಂಡ್ ಮತ್ತು ವೇಲ್ಸ್ ಸಂಸ್ಥೆಗಳ ವಿರುದ್ಧ ಕೋರ್ಟಿಗೆ ಹೋಗಿದ್ದಾರೆ. ಆಟಗಾರರು ಹವ್ಯಾಸಿಗಳಾಗಿದ್ದಾಗ ವಾರಕ್ಕೆ ಎರಡು ಸಂಜೆ ಅಭ್ಯಾಸ ಇರುತ್ತಿತ್ತು. ವೃತ್ತಿಪರರಾದ ಮೇಲೆ ದಿನವಿಡೀ. ಮೈ ದೊಡ್ಡದಾಯಿತು, ಡಿಕ್ಕಿ ಜೋರಾಯಿತು. ತಲೆಬುರುಡೆಯ ಒಳಗಿನದು ಮಾತ್ರ ಅಷ್ಟೇ ಮೆತ್ತಗೆ ಉಳಿಯಿತು.

ಹೆಣ್ಣುಮಕ್ಕಳ ವೃತ್ತಿ ಈಗಷ್ಟೇ ಶುರು

ಮಹಿಳೆಯರ ಆಟಕ್ಕೆ 1995 ಬಂದಿದ್ದು ತೀರಾ ಈಚೆಗೆ. 2019ರ ಜನವರಿಯಲ್ಲಿ ಇಂಗ್ಲೆಂಡ್ 28 ಆಟಗಾರ್ತಿಯರಿಗೆ ಪೂರ್ಣಾವಧಿ ಕಾಂಟ್ರ್ಯಾಕ್ಟ್ ಕೊಟ್ಟಿತು. ಬೇರೆ ದೇಶಗಳು ನಿಧಾನವಾಗಿ ಅದೇ ದಾರಿ ಹಿಡಿದವು. ಇಲ್ಲಿ ಯಜಮಾನರ ಲೆಕ್ಕ ತಲೆಕೆಳಗು. ಕ್ಲಬ್‌ನಿಂದ ಬರುವ ಹಣ ಕಡಿಮೆ, ಬದುಕು ನಡೆಯುವುದು ದೇಶದ ಕಾಂಟ್ರ್ಯಾಕ್ಟ್ ಮೇಲೆ. ಅದು ಇಲ್ಲದವರು ಇನ್ನೂ ಬೇರೆ ಕೆಲಸ ಮಾಡುತ್ತ ಆಡುತ್ತಾರೆ. 2025ರ ವಿಶ್ವಕಪ್‌ಗೆ ತಯಾರಾಗಲು ಕೆನಡಾ ಜನರಿಂದ ದೇಣಿಗೆ ಎತ್ತಬೇಕಾಯಿತು. ಆ ತಂಡ ಫೈನಲ್ ತನಕ ಬಂತು. ಲಂಡನ್ನಿನ ಟ್ವಿಕನಮ್ ಮೈದಾನದಲ್ಲಿ 81,885 ಜನರ ಎದುರು ಇಂಗ್ಲೆಂಡ್ 33–13ರಿಂದ ಗೆದ್ದಿತು. ಜನ ಬರುತ್ತಾರೆ ಎಂಬುದು ಸಾಬೀತಾಗಿದೆ. ಕ್ಲಬ್ ಸಂಬಳ ಇನ್ನೂ ಹಿಂದೆಯೇ ಇದೆ.

ಮುಗಿಯುವುದು, ಆಮೇಲಿನದು

ವೃತ್ತಿ ಹೇಗೆ ಮುಗಿಯಬೇಕು ಎಂಬುದನ್ನು ಆಟಗಾರರೇ ಆರಿಸುವುದು ಅಪರೂಪ. ಜಾನಿ ವಿಲ್ಕಿನ್‌ಸನ್ ಅವರ ಹಾದಿ ನೋಡಿ. 2003ರ ಫೈನಲ್‌ನಲ್ಲಿ ಹೆಚ್ಚುವರಿ ಸಮಯದ ಕೊನೆಯ ನಿಮಿಷದಲ್ಲಿ, ಎಡಗಾಲಿನ ಆಟಗಾರರಾದ ಅವರು ಬಲಗಾಲಲ್ಲಿ ಡ್ರಾಪ್ ಗೋಲ್ (ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿದಾಗ ಒದೆಯುವ ಗೋಲ್) ಹೊಡೆದು ಇಂಗ್ಲೆಂಡಿಗೆ ಕಪ್ ತಂದುಕೊಟ್ಟರು. ಆಗ ವಯಸ್ಸು 24. ಆಮೇಲೆ ಒಂದರ ಮೇಲೊಂದು ಗಾಯ. ಇಂಗ್ಲೆಂಡ್ ಪರ ಅವರು ಮುಂದಿನ ಪಂದ್ಯ ಆಡಿದ್ದು 2007ರ ಫೆಬ್ರವರಿಯಲ್ಲಿ, ಮೂರು ವರ್ಷ ದಾಟಿದ ಮೇಲೆ. 2009ರಲ್ಲಿ ಟೂಲಾನ್‌ಗೆ ಹೋದರು. ಅಲ್ಲಿ ಮೈ ಸುಧಾರಿಸಿತು. 2011ರಲ್ಲಿ ದೇಶದ ತಂಡ ಬಿಟ್ಟರು. ಕ್ಲಬ್‌ಗೆ ಮಾತ್ರ ಆಡುತ್ತ 2013 ಮತ್ತು 2014ರಲ್ಲಿ ಯುರೋಪಿನ ಕಪ್ ಗೆದ್ದರು. ಕೊನೆಯ ಪಂದ್ಯದಲ್ಲಿ ಫ್ರೆಂಚ್ ಲೀಗ್ ಗೆದ್ದು, ಗೆಲುವಿನೊಂದಿಗೇ ಬೂಟು ಕಳಚಿದರು. ಒಬ್ಬರೇ ಯಜಮಾನರು ಉಳಿದಾಗ ಅವರ ಮೈ ಮತ್ತೆ ಅವರ ಮಾತು ಕೇಳಿತು ಎಂದು ನನ್ನ ಊಹೆ.

ಇನ್ನೊಂದು ತುದಿಯಲ್ಲಿ ವೇಲ್ಸ್‌ನ ಆಲನ್ ವಿನ್ ಜೋನ್ಸ್. ಸ್ಕ್ರಮ್‌ನ ಎರಡನೇ ಸಾಲಿನಲ್ಲಿ ತಳ್ಳುವ ಲಾಕ್ ಆಟಗಾರ. ವೇಲ್ಸ್‌ಗೆ 158, ಲಯನ್ಸ್‌ಗೆ 12 ಟೆಸ್ಟ್. 2006ರಿಂದ 2023ರವರೆಗೆ. ಇಂಥವರು ಒಂದು ತಲೆಮಾರಿಗೆ ಒಬ್ಬರೋ ಇಬ್ಬರೋ. ಇವರನ್ನು ನೋಡಿ ವೃತ್ತಿಯ ಉದ್ದ ಅಳೆಯಬಾರದು.

33ಕ್ಕೆ ಆಟ ಬಿಟ್ಟವರಿಗೆ ಮುಂದೆ ಇನ್ನೂ 30 ವರ್ಷ ದುಡಿಯುವ ಕಾಲ ಇರುತ್ತದೆ. ಉಳಿತಾಯ ಅಷ್ಟು ಕಾಲಕ್ಕೆ ಸಾಲುವುದು ಬೆರಳೆಣಿಕೆ ಮಂದಿಗೆ. ಅದಕ್ಕೇ ಆಟಗಾರರ ಸಂಘಗಳು ಆಡುತ್ತಿರುವಾಗಲೇ ಓದಿ, ಕೆಲಸ ಕಲಿಯಿರಿ ಎಂದು ಬೆನ್ನು ಹತ್ತುತ್ತವೆ. ವೇಲ್ಸ್‌ನ ಜೇಮಿ ರಾಬರ್ಟ್ಸ್ ಆಡುತ್ತಲೇ ವೈದ್ಯಕೀಯ ಪದವಿ ಮುಗಿಸಿದರು. ನ್ಯೂಜಿಲೆಂಡ್‌ಗೆ ಎರಡು ವಿಶ್ವಕಪ್ ಗೆದ್ದುಕೊಟ್ಟ ನಾಯಕ ರಿಚಿ ಮೆಕಾ ಹೆಲಿಕಾಪ್ಟರ್ ಪೈಲಟ್ ಆದರು. ಬುಧವಾರದ ರಜೆ ಇರುವುದೇ ಇದಕ್ಕೆ ಎಂದು ಹಿರಿಯರು ಹೇಳುತ್ತಾರೆ. ಕಿರಿಯರು ಆ ದಿನ ಗಾಲ್ಫ್ ಆಡಲು ಹೋಗುತ್ತಾರೆ.

ಕೋಚ್ ಆಗುವ ಆಸೆ ಹಲವರಿಗೆ. ಕುರ್ಚಿಗಳು ಮಾತ್ರ ಕಡಿಮೆ. ಸಿಕ್ಕವರೂ ಕೆಳಗಿನಿಂದ ಶುರು ಮಾಡಬೇಕು. ಐರ್ಲೆಂಡಿನ ಹಳೆಯ 10ನೇ ನಂಬರ್ ರೋನನ್ ಓಗಾರಾ 2013ರಲ್ಲಿ ಆಟ ಬಿಟ್ಟು, ಪ್ಯಾರಿಸ್‌ನ ರಾಸಿಂಗ್ ಕ್ಲಬ್‌ನಲ್ಲಿ ಕಿಕ್ಕಿಂಗ್ ಕಲಿಸುವ ಕೆಲಸ ಹಿಡಿದರು. ಅಲ್ಲಿಂದ ನ್ಯೂಜಿಲೆಂಡ್‌ಗೆ ಹೋಗಿ ಕ್ರುಸೇಡರ್ಸ್ ತಂಡದಲ್ಲಿ ಸಹಾಯಕರಾದರು. ವಾಪಸ್ ಬಂದು ಲಾ ರೊಶೆಲ್ ಕ್ಲಬ್ ಸೇರಿ, 2022 ಮತ್ತು 2023ರಲ್ಲಿ ಯುರೋಪಿನ ಕಪ್ ಗೆಲ್ಲಿಸಿದರು. ಎರಡೂ ಫೈನಲ್‌ಗಳಲ್ಲಿ ಸೋತಿದ್ದು ಸೆಕ್ಸ್‌ಟನ್ ಅವರ ಕ್ಲಬ್ ಲೆನ್‌ಸ್ಟರ್. ಆಡುವ ಕಾಲದಲ್ಲಿ ಇದೇ ಸೆಕ್ಸ್‌ಟನ್ ಓಗಾರಾ ಅವರಿಂದ ಐರ್ಲೆಂಡಿನ 10ನೇ ನಂಬರ್ ಜೆರ್ಸಿ ಕಸಿದುಕೊಂಡಿದ್ದರು.